ತೊಗಲು ಮುಟ್ಟಿದ ಕೈಗೆ ಬೆಲೆ ಎಷ್ಟು?

ಕೋಟಿಗಟ್ಟಲೆ ಬೆಲೆಯ ಕಾರು ಹೇಗೆ ತಯಾರಾಗುತ್ತೆ ಅನ್ನೋದು ನಮಗ್ಯಾಕೆ? ಕೇರಿಯ ಜನಕ್ಕೆ ಬಸ್ಸಿನಲ್ಲೇ ಸೀಟು ಸಿಗದಿರುವಾಗ ಸಾಹುಕಾರರ ಕಾರಿನ ಪುರಾಣ ಈ ಪತ್ರಿಕೆಗೆ ಯಾಕೆ? ಈ ಪ್ರಶ್ನೆ ಬರುತ್ತೆ ಅಂತ ಗೊತ್ತಿದ್ದೇ ಬರೆಯುತ್ತಿದ್ದೇವೆ. ಉತ್ತರ ಸರಳ. ಆ ಕಾರಿನೊಳಗೆ ತೊಗಲಿದೆ. ತೊಗಲಿರುವ ಕಡೆ ನಮ್ಮ ಮಾತೂ ಇರಬೇಕು. ಈ ನೆಲದಲ್ಲಿ ತಲೆತಲಾಂತರದಿಂದ ತೊಗಲು ಮುಟ್ಟಿದವರು ನಾವು. ಮುಟ್ಟಿದ್ದಕ್ಕೇ ಮುಟ್ಟಬಾರದವರಾದವರೂ ನಾವೇ. ಅದೇ ಕೆಲಸ ಇನ್ನೊಂದು ದೇಶದಲ್ಲಿ, ಇನ್ನೊಂದು ಸೂರಿನಡಿಯಲ್ಲಿ ಏನಾಗುತ್ತೆ ಅಂತ ತಿಳಿದುಕೊಂಡರೆ, ಇಲ್ಲಿ ನಮಗೆ ಏನು ಮಾಡಿದ್ದಾರೆ ಅನ್ನೋದು ಇನ್ನಷ್ಟು ಚೆನ್ನಾಗಿ ಕಾಣುತ್ತೆ.

ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿ ಚಿಚೆಸ್ಟರ್ ಅನ್ನೋ ಊರಿನ ಹತ್ತಿರ ಗುಡ್‌ವುಡ್ ಇದೆ. ಒಬ್ಬ ಡ್ಯೂಕನ ದೊಡ್ಡ ಎಸ್ಟೇಟು ಅದು. ಅಲ್ಲಿ 2003ರಿಂದ ರೋಲ್ಸ್ ರಾಯ್ಸ್ ಕಾರಿನ ಕಾರ್ಖಾನೆ ನಡೆಯುತ್ತಿದೆ. ಹೆಸರು ಇಂಗ್ಲಿಷರದು, ಮಾಲೀಕತ್ವ ಜರ್ಮನಿಯ ಬಿ.ಎಂ.ಡಬ್ಲ್ಯು. ಕಂಪನಿಯದು. ಜಲ್ಲಿ ತೆಗೆದು ಗುಂಡಿ ಬಿದ್ದಿದ್ದ ಜಾಗದಲ್ಲಿ ಕಟ್ಟಡ ಎಬ್ಬಿಸಿದ್ದಾರೆ. ಸುಮಾರು 8 ಎಕರೆ ಛಾವಣಿಯ ಮೇಲೆ ಗಿಡ ಬೆಳೆಸಿದ್ದಾರೆ. ದೂರದಿಂದ ನೋಡಿದರೆ ಕಾರ್ಖಾನೆ ಅಂತ ಗೊತ್ತಾಗಬಾರದು, ಹಾಗೆ ಕಟ್ಟಿರೋದು. ನಮ್ಮಲ್ಲಿ ಎಷ್ಟೋ ಜನಕ್ಕೆ ಬೆಳೆ ಬೆಳೆಯಲು ಇಲ್ಲದಷ್ಟು ನೆಲ ಅಲ್ಲಿ ಬರೀ ಸೂರಿನ ಮೇಲಿದೆ.

ಸ್ವಲ್ಪ ಲೆಕ್ಕ ನೋಡೋಣ. 2024ರಲ್ಲಿ ಈ ಕಂಪನಿ ಇಡೀ ಜಗತ್ತಿಗೆ ಮಾರಿದ್ದು 5,712 ಕಾರು. ಗುಡ್‌ವುಡ್ಡಿನಲ್ಲಿ ಕೆಲಸ ಮಾಡೋರು ಸುಮಾರು 2,500 ಜನ. ಅಂದರೆ ತಲೆಗೆ ವರ್ಷಕ್ಕೆ ಎರಡು ಕಾರು, ಅದಕ್ಕಿಂತ ಒಂಚೂರು ಮೇಲೆ. ಫ್ಯಾಂಟಮ್ ಅನ್ನೋ ದೊಡ್ಡ ಕಾರು ಒಂದಕ್ಕೆ 450 ಗಂಟೆಗೂ ಹೆಚ್ಚು ಕೆಲಸ ಹಿಡಿಯುತ್ತೆ ಅಂತ ಹೇಳ್ತಾರೆ. ದಿನಕ್ಕೆ 8 ಗಂಟೆಯಂತೆ ಒಬ್ಬನೇ ಆಳು ಮಾಡಿದರೆ 56 ದಿನದ ದುಡಿಮೆ. ಈ ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇಲ್ಲಿ ಕಾರು ಮಾಡಿಟ್ಟು ಗಿರಾಕಿಯನ್ನು ಕಾಯುವ ಪದ್ಧತಿಯಿಲ್ಲ. ಮೊದಲು ಗಿರಾಕಿ, ಆಮೇಲೆ ಕಾರು. ಗಿರಾಕಿ ಬಂದು ಬಣ್ಣ ಹೇಳ್ತಾನೆ, ಮರ ಹೇಳ್ತಾನೆ, ತೊಗಲು ಹೇಳ್ತಾನೆ, ಹೊಲಿಗೆಯ ದಾರ ಯಾವ ಬಣ್ಣದ್ದಿರಬೇಕು ಅಂತಾನೂ ಹೇಳ್ತಾನೆ. ಬಣ್ಣದ ಪಟ್ಟಿಯಲ್ಲೇ 44,000 ಬಗೆ ಇವೆಯಂತೆ. ಅದೂ ಸಾಲದಿದ್ದರೆ ಹೊಸದಾಗಿ ಬೆರೆಸಿ ಕೊಡ್ತಾರೆ. ಈ ಎಲ್ಲ ಬೇಡಿಕೆ ಒಂದು ಕಾಗದಕ್ಕೆ ಬಂದ ಮೇಲೇ ಕೆಲಸ ಶುರು.

ಕಾರಿನ ಅಸ್ಥಿಪಂಜರ ಅಲ್ಯೂಮಿನಿಯಮ್ಮಿನದು. ಅದು ಜರ್ಮನಿಯಲ್ಲಿ ಬೆಸುಗೆಯಾಗಿ ಲಾರಿಯಲ್ಲಿ ಬರುತ್ತೆ. ಹನ್ನೆರಡು ಸಿಲಿಂಡರಿನ ಇಂಜಿನ್ನು ಬಿ.ಎಂ.ಡಬ್ಲ್ಯು. ಕಾರ್ಖಾನೆಯದು. ಗುಡ್‌ವುಡ್ಡಿನಲ್ಲಿ ಬಾಡಿಯನ್ನು ಉಜ್ಜಿ, ಪದರದ ಮೇಲೆ ಪದರ ಬಣ್ಣ ಹೊಡೆದು, ಮತ್ತೆ ಗಂಟೆಗಟ್ಟಲೆ ಕೈಯಿಂದ ಉಜ್ಜಿ ಹೊಳಪು ತರ್ತಾರೆ. ಬಣ್ಣ ಸಿಂಪಡಿಸಲು ರೋಬೋಟು ಇದೆ. ಆದರೆ ಉಜ್ಜೋದು, ಸವರಿ ನೋಡೋದು ಮನುಷ್ಯನ ಅಂಗೈ. ಬಾಡಿಯ ಪಕ್ಕದಲ್ಲಿ ಮುಂದಿನಿಂದ ಹಿಂದಿನವರೆಗೆ ಒಂದು ಸಣ್ಣ ಗೆರೆ ಎಳೀತಾರೆ. ಅಳಿಲ ಕೂದಲಿನ ಕುಂಚದಲ್ಲಿ, ಕೈಯಲ್ಲೇ. ಬಹಳ ವರ್ಷ ಆ ಗೆರೆಯನ್ನು ಇಡೀ ಕಾರ್ಖಾನೆಯಲ್ಲಿ ಎಳೀತಿದ್ದದ್ದು ಒಬ್ಬನೇ ಒಬ್ಬ. ಮೊದಲು ಅವನು ಹಳ್ಳಿ ಪಬ್ಬುಗಳಿಗೆ ಬೋರ್ಡು ಬರೆಯುತ್ತಿದ್ದವನು. ಹೆಂಡದಂಗಡಿಯ ಬೋರ್ಡು ಬರೆಯುತ್ತಿದ್ದ ಕೈ ಜಗತ್ತಿನ ದುಬಾರಿ ಕಾರಿಗೆ ಗೆರೆ ಎಳೆಯಿತು. ನಿನ್ನ ಕುಲ ಯಾವುದು ಅಂತ ಕುಂಚ ಕೇಳಲಿಲ್ಲ.

ಇನ್ನು ಮರದ ಕೆಲಸ. ಒಂದು ಕಾರಿಗೆ ಬೇಕಾದ ಮರದ ಹಾಳೆಗಳನ್ನು ಒಂದೇ ದಿಮ್ಮಿಯಿಂದ ಸೀಳ್ತಾರೆ. ಎಡಗಡೆಯ ಬಾಗಿಲಿನ ಗೆರೆ ಬಲಗಡೆಯ ಬಾಗಿಲಿನ ಗೆರೆಗೆ ಕನ್ನಡಿಯ ಹಾಗೆ ಕೂಡಬೇಕು. ವಯಸ್ಸಾದಾಗ ಎಲ್ಲ ತುಂಡೂ ಒಂದೇ ಥರ ಬಣ್ಣ ತಿರುಗಬೇಕು. ಒಳಗಿನ ಮಾಳಿಗೆಗೆ ನಕ್ಷತ್ರ ಬೇಕು ಅಂತ ಗಿರಾಕಿ ಕೇಳಿದರೆ, ತೊಗಲಿನ ಹೊದಿಕೆಗೆ 800ರಿಂದ 1,600ರವರೆಗೆ ಸಣ್ಣ ತೂತು ಕೊರೆದು, ಒಂದೊಂದರಲ್ಲೂ ಬೆಳಕಿನ ಎಳೆ ಪೋಣಿಸ್ತಾರೆ. ಕೂತವನು ತಲೆ ಎತ್ತಿದರೆ ಆಕಾಶ. ನಮ್ಮ ಗುಡಿಸಲುಗಳಿಗೂ ಮಾಡಿನಲ್ಲಿ ನಕ್ಷತ್ರ ಕಾಣುತ್ತೆ, ಅದಕ್ಕೆ ಯಾರೂ ಕೂಲಿ ಕೊಟ್ಟು ತೂತು ಕೊರೆಸಿಲ್ಲ.

ಈಗ ತೊಗಲಿನ ವಿಷಯಕ್ಕೆ ಬರೋಣ. ಒಂದು ದೊಡ್ಡ ಕಾರಿಗೆ ಸುಮಾರು ಹತ್ತು ಹೋರಿಗಳ ಚರ್ಮ ಬೇಕು. ಹಸುವಿನದು ಆಗಲ್ಲ. ಗಬ್ಬವಾದಾಗ ಹೊಟ್ಟೆ ಹಿಗ್ಗಿ ಚರ್ಮದ ಮೇಲೆ ಗೆರೆ ಬೀಳುತ್ತೆ. ಯೂರೋಪಿನ ತಣ್ಣನೆಯ ಗುಡ್ಡಗಾಡಿನಲ್ಲಿ ಮೇಯುವ ಹೋರಿಗಳೇ ಬೇಕು. ಅಲ್ಲಿ ಸೊಳ್ಳೆ ಕಡಿಮೆ, ಕಚ್ಚಿದ ಗುರುತು ಇರಲ್ಲ. ಮುಳ್ಳುತಂತಿ ಇಲ್ಲ, ಗೀರಿದ ಗಾಯ ಇರಲ್ಲ. ಹದವಾದ ಚರ್ಮ ಕಾರ್ಖಾನೆಗೆ ಬಂದ ಮೇಲೆ ಒಬ್ಬ ಕೆಲಸಗಾರ ಅದನ್ನು ಮೇಜಿನ ಮೇಲೆ ಹರಡಿ, ಬೆಳಕಿನಲ್ಲಿ ಅಂಗೈಯಿಂದ ಸವರಿ ಸವರಿ ನೋಡ್ತಾನೆ. ಎಲ್ಲಿ ಕಲೆ ಇದೆ, ಎಲ್ಲಿ ತೆಳುವಾಗಿದೆ, ಎಲ್ಲಿ ಬಿಗಿಯಾಗಿದೆ ಅಂತ ಗುರುತು ಹಾಕ್ತಾನೆ. ಆ ಗುರುತುಗಳನ್ನು ತಪ್ಪಿಸಿ, ತುಂಡು ಹಾಳಾಗದ ಹಾಗೆ ಕಂಪ್ಯೂಟರ್ ಲೆಕ್ಕ ಹಾಕುತ್ತೆ. ಯಂತ್ರ ಕತ್ತರಿಸುತ್ತೆ. ಆಮೇಲೆ ಹೊಲಿಗೆ, ಸೀಟಿಗೆ ಎಳೆದು ಕೂರಿಸೋದು, ಸುಕ್ಕು ಬಿಡಿಸೋದು ಎಲ್ಲಾ ಮತ್ತೆ ಕೈಕೆಲಸ.

ಇದನ್ನು ಓದುವಾಗ ನಮ್ಮ ಹಿರಿಯರ ನೆನಪು ಬಾರದೆ ಇರುತ್ತಾ? ಸತ್ತ ದನದ ಚರ್ಮ ನೋಡಿದ ಕೂಡಲೆ ಎಲ್ಲಿ ಉಣ್ಣೆ ಕಚ್ಚಿದೆ, ಎಲ್ಲಿ ಬಾರುಕೋಲಿನ ಏಟು ಬಿದ್ದಿದೆ, ಬೆನ್ನಿನ ತೊಗಲು ಯಾವುದಕ್ಕೆ, ಹೊಟ್ಟೆಯ ತೊಗಲು ಯಾವುದಕ್ಕೆ ಅಂತ ಹೇಳ್ತಿದ್ದವರು ಅವರು. ಸುಣ್ಣದಲ್ಲಿ ಎಷ್ಟು ದಿನ, ತಂಗಡಿ ತೊಗಟೆಯ ನೀರಿನಲ್ಲಿ ಎಷ್ಟು ದಿನ ಅಂತ ಗಡಿಯಾರ ಇಲ್ಲದೆ ಗೊತ್ತಿದ್ದವರು. ಮಿಣಿ, ಬಾರುಕೋಲು, ಕಪಿಲೆಯ ತೊಗಲಬಾನಿ, ತಮಟೆ, ಮೆಟ್ಟು ಇವೆಲ್ಲ ಅವರ ಕೈಯಿಂದ ಬಂದವು. ಮಿಣಿ ಇಲ್ಲದೆ ಉಳುಮೆ ಇರಲಿಲ್ಲ, ಬಾನಿ ಇಲ್ಲದೆ ತೋಟಕ್ಕೆ ನೀರಿರಲಿಲ್ಲ. ಊರಿನ ಒಕ್ಕಲುತನ ನಿಂತಿದ್ದೇ ಈ ತೊಗಲಿನ ಮೇಲೆ. ಆ ವಿದ್ಯೆಗೆ ಊರು ಕೊಟ್ಟದ್ದೇನು? ಸುಗ್ಗಿಯ ಕಣದಲ್ಲಿ ಕಡೆಗೆ ಉಳಿದ ಕಾಳು, ಎತ್ತರದಿಂದ ಕೈಗೆ ಹುಯ್ದ ನೀರು, ಊರಾಚೆಗೊಂದು ಹಟ್ಟಿ. ಗುಡ್‌ವುಡ್ಡಿನಲ್ಲಿ ಅದೇ ಅಂಗೈಗೆ ಕುಶಲಕರ್ಮಿ ಅಂತ ಹೆಸರು. ಕಂಪನಿಯ ಪುಸ್ತಕದಲ್ಲಿ ಆ ಕೈಗಳ ಬಣ್ಣದ ಫೋಟೋ ಹಾಕ್ತಾರೆ. ನಮ್ಮಲ್ಲಿ ಆ ಕೆಲಸದ ಹೆಸರೇ ಬೈಗುಳ.

ಬಣ್ಣದ ಬಾಡಿ, ಮರ, ತೊಗಲು ಎಲ್ಲ ಬೇರೆ ಬೇರೆ ಕೋಣೆಗಳಲ್ಲಿ ತಯಾರಾಗಿ ಜೋಡಣೆಯ ಸಾಲಿಗೆ ಬರ್ತವೆ. ಯಾವ ಕಾರಿನ ಸೀಟು ಯಾವ ಹೊತ್ತಿಗೆ ಎಲ್ಲಿಗೆ ಬರಬೇಕು ಅನ್ನೋದೇ ಈ ಕಾರ್ಖಾನೆಯ ಮಿದುಳು. ಒಬ್ಬರ ಕೆಲಸ ಇನ್ನೊಬ್ಬರ ಕೈಗೆ ಹೊತ್ತಿಗೆ ಸರಿಯಾಗಿ ಸೇರದಿದ್ದರೆ ಇಡೀ ಸಾಲು ನಿಲ್ಲುತ್ತೆ. ಸಾಲಿನಲ್ಲಿ ಒಂದು ಕಡೆ ಮೇಲಿನಿಂದ ಬಾಡಿ ಇಳಿಯುತ್ತೆ, ಕೆಳಗಿನಿಂದ ಇಂಜಿನ್ನು, ಚಕ್ರದ ಜೋಡಣೆ ಏರುತ್ತೆ. ಎರಡೂ ಕೂಡಿ ಬೋಲ್ಟು ಬೀಳುತ್ತೆ. ಜಗತ್ತಿನ ಎಲ್ಲ ಕಾರು ಕಾರ್ಖಾನೆಯಲ್ಲೂ ಇದಕ್ಕೆ ಮದುವೆ ಅಂತಲೇ ಹೆಸರು. ಅಳತೆ ಕೂಡಿದರೆ ಸಾಕು, ಗೋತ್ರ ಕೂಡಬೇಕಾಗಿಲ್ಲ. ನಮ್ಮ ಕಲ್ಯಾಣದಲ್ಲಿ ಹನ್ನೆರಡನೇ ಶತಮಾನದಲ್ಲಿ ಇನ್ನೊಂದು ಮದುವೆ ನಡೆಯಿತು. ಸಮಗಾರ ಹರಳಯ್ಯನ ಮಗ, ಬ್ರಾಹ್ಮಣ ಮಧುವರಸನ ಮಗಳು. ಆ ಮದುವೆಗೆ ಸಿಕ್ಕ ಉಡುಗೊರೆ ಎಳೆಹೂಟೆ ಶಿಕ್ಷೆ ಅಂತ ಶರಣರ ಚರಿತ್ರೆ ಹೇಳುತ್ತೆ. ಕಬ್ಬಿಣದ ಮದುವೆಗೆ ಇರುವ ಸ್ವಾತಂತ್ರ್ಯ ನಮ್ಮ ಮಕ್ಕಳ ಮದುವೆಗೆ ಇವತ್ತಿಗೂ ಬಂದಿಲ್ಲ. ಮರ್ಯಾದೆಯ ಹೆಸರಿನಲ್ಲಿ ಕೊಲೆಯಾದ ಹುಡುಗ ಹುಡುಗಿಯರ ಸುದ್ದಿ ಪತ್ರಿಕೆಗಳಲ್ಲಿ ಬರ್ತಾನೇ ಇದೆ.

ಕಡೆಗೆ ಪರೀಕ್ಷೆ. ಕಾರಿನ ಮೇಲೆ ಮಳೆಯ ಹಾಗೆ ನೀರು ಸುರಿದು ಒಂದು ಹನಿ ಒಳಗೆ ಬಂತಾ ನೋಡ್ತಾರೆ. ನಡುಗಿಸಿ ನೋಡ್ತಾರೆ, ಎಲ್ಲಾದರೂ ಕಿರುಗುಟ್ಟಿತಾ ಅಂತ ಕಿವಿಗೊಟ್ಟು ಕೇಳ್ತಾರೆ. ರಸ್ತೆಗೆ ತಂದು ಓಡಿಸ್ತಾರೆ. ಆಮೇಲೆ ಗಿರಾಕಿಯ ಕೈಗೆ.

ಗೆಳೆಯರೇ, ಇಷ್ಟು ಉದ್ದಕ್ಕೆ ಇದನ್ನು ಹೇಳಿದ್ದು ಇಂಗ್ಲೆಂಡಿನ ಭಜನೆ ಮಾಡಲಿಕ್ಕಲ್ಲ. ಒಂದು ಮಾತು ಖಚಿತ ಮಾಡಿಕೊಳ್ಳಲಿಕ್ಕೆ. ಕೆಲಸವನ್ನು ಹಂಚಿಕೊಳ್ಳದೆ ಕಾರು ಆಗಲ್ಲ. ಒಬ್ಬ ಬಣ್ಣ, ಒಬ್ಬಳು ಹೊಲಿಗೆ, ಒಬ್ಬ ಬೋಲ್ಟು. ನಮ್ಮ ಪಂಡಿತರು ಜಾತಿಗೂ ಇದೇ ಸಮರ್ಥನೆ ಕೊಡ್ತಾರೆ. ಸಮಾಜ ನಡೀಬೇಕಾದರೆ ಕೆಲಸ ಹಂಚಿಕೆಯಾಗಬೇಕಲ್ಲ, ಜಾತಿ ಅಂದರೆ ಅಷ್ಟೇ ಅಂತಾರೆ. ಕೆಲಸ ಹಂಚೋದು ಬೇರೆ, ಕೆಲಸ ಮಾಡೋ ಮನುಷ್ಯರನ್ನೇ ಹುಟ್ಟಿನ ಬೇಲಿ ಹಾಕಿ ಒಬ್ಬರ ತಲೆಯ ಮೇಲೆ ಒಬ್ಬರನ್ನು ಪೇರಿಸೋದು ಬೇರೆ ಅಂತ ಬಾಬಾಸಾಹೇಬರು 1936ರಲ್ಲೇ ‘ಜಾತಿ ವಿನಾಶ’ದಲ್ಲಿ ಬಿಡಿಸಿ ತೋರಿಸಿದರು. ಗುಡ್‌ವುಡ್ಡಿನ ಸಾಲಿಗೂ ನಮ್ಮ ಊರಿನ ಸಾಲಿಗೂ ಇರುವ ವ್ಯತ್ಯಾಸ ಇದೇ. ಅಲ್ಲಿ ತೊಗಲಿನ ಕೋಣೆಯವನು ತೊಗಲಿನ ಕೋಣೆಯಲ್ಲಿ ಹುಟ್ಟಿದವನಲ್ಲ. ಬೇಡವಾದರೆ ಬಿಟ್ಟು ಹೋಗಬಹುದು. ಅವನ ಮಗಳು ಇಂಜಿನಿಯರ್ ಆದರೆ ಊರು ಬೆಂಕಿ ಹಚ್ಚಲ್ಲ. ಸಂಜೆ ಕೈ ತೊಳೆದರೆ ಕೆಲಸ ಅಲ್ಲಿಗೆ ಮುಗೀತು. ನಮ್ಮಲ್ಲಿ ಕೈ ಎಷ್ಟು ತೊಳೆದರೂ ಹೋಗದ ಹಾಗೆ ಕೆಲಸವನ್ನು ಮೈಗೇ ಹಚ್ಚಿದ್ದಾರೆ. ಚರ್ಮ ಹದ ಮಾಡೋದನ್ನು ಬಿಟ್ಟು ಮೂರು ತಲೆಮಾರಾದರೂ ಬಾಡಿಗೆ ಮನೆ ಕೇಳಲು ಹೋದಾಗ ಜಾತಿ ಕೇಳ್ತಾರೆ.

ಹಾಗಂತ ಅಲ್ಲಿ ಎಲ್ಲಾ ಹೊನ್ನಿನ ಹೊಳೆ ಅಂದುಕೊಂಡರೆ ಮೋಸ ಹೋಗ್ತೀವಿ. ಆ ಕಾರಿನ ಹೆಸರನ್ನೇ ನೋಡಿ. ಹೆನ್ರಿ ರಾಯ್ಸ್ ಬಡವರ ಮಗ. ಒಂಬತ್ತನೇ ವಯಸ್ಸಿಗೆ ತಂದೆ ಸತ್ತ. ಪೇಪರು ಮಾರಿದ, ತಂತಿ ಸಂದೇಶ ಹಂಚಿದ. ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸ ಕಲಿಯಲು ಸೇರಿ, ದುಡ್ಡು ಕಟ್ಟಲಾಗದೆ ಅರ್ಧಕ್ಕೆ ಬಿಟ್ಟ. ಚಾರ್ಲ್ಸ್ ರೋಲ್ಸ್ ಜಮೀನುದಾರ ಬ್ಯಾರನ್ನನ ಮಗ, ಕೇಂಬ್ರಿಜ್‌ನಲ್ಲಿ ಓದಿದವನು, ಕಾರು ಮಾರುವವನು. ಇಬ್ಬರೂ ಮ್ಯಾಂಚೆಸ್ಟರಿನಲ್ಲಿ ಭೇಟಿಯಾದದ್ದು 1904ರ ಮೇ 4ರಂದು. ಕಾರು ಮಾಡಿದವನು ರಾಯ್ಸ್. ಹೆಸರಿನಲ್ಲಿ ಮೊದಲು ಬಂದದ್ದು ರೋಲ್ಸ್. ಕೈಗೆ ಎಣ್ಣೆ ಹತ್ತಿದವನ ಹೆಸರು ಎಲ್ಲ ದೇಶದಲ್ಲೂ ಎರಡನೆಯದೇ.

ಇನ್ನೊಂದು. ಫೋಟೋ ಹಾಕಿ ಹೊಗಳಿದ ಆ ಕೈಗಳೇ 2017ರ ಏಪ್ರಿಲ್‌ನಲ್ಲಿ ಕೆಲಸ ನಿಲ್ಲಿಸಿದವು. ಕಡೆಯ ಸಂಬಳದ ಆಧಾರದ ಮೇಲೆ ಕೊಡುತ್ತಿದ್ದ ಪಿಂಚಣಿಯನ್ನು ಮುಚ್ಚಲು ಬಿ.ಎಂ.ಡಬ್ಲ್ಯು. ಹೊರಟಾಗ, ಗುಡ್‌ವುಡ್ ಸೇರಿದಂತೆ ಇಂಗ್ಲೆಂಡಿನ ಅದರ ಕಾರ್ಖಾನೆಗಳಲ್ಲಿ ಯುನೈಟ್ ಯೂನಿಯನ್ನಿನ ಕಾರ್ಮಿಕರು ಮುಷ್ಕರ ಹೂಡಿದರು. ಹೊಗಳಿಕೆ ಹೊಟ್ಟೆಗಾಗಲ್ಲ, ಮುಪ್ಪಿಗಾಗಲ್ಲ. ಅದು ಅವರಿಗೂ ಗೊತ್ತಿತ್ತು, ಸಂಘ ಇತ್ತು, ನಿಂತರು. ಮತ್ತೆ ಆ ಕಾರ್ಖಾನೆ ಅಷ್ಟು ಶುಭ್ರವಾಗಿರೋದಕ್ಕೂ ಒಂದು ಕಾರಣವಿದೆ. ಚರ್ಮ ಅಲ್ಲಿಗೆ ಬರೋದು ಹದವಾದ ಮೇಲೆ. ಸುಲಿಯೋದು, ಕೂದಲು ಕೆರೆಯೋದು, ರಾಸಾಯನಿಕದ ತೊಟ್ಟಿಯಲ್ಲಿ ನೆನೆಹಾಕೋದು, ಆ ನಾತ, ಆ ಕೊಳಕು ನೀರು ಇವೆಲ್ಲ ಗೇಟಿನಾಚೆ ಬೇರೆಲ್ಲೋ ಮುಗಿದಿರ್ತವೆ. ಗಾಜಿನ ಗೋಡೆಯಲ್ಲಿ ನೋಡಲು ಸಿಗೋದು ಕೆಲಸದ ಕಡೆಯ ಭಾಗ ಮಾತ್ರ. ಮೊದಲ ಭಾಗವನ್ನು ಯಾವ ದೇಶದ ಸಾಹುಕಾರನೂ ನೋಡಲು ಇಷ್ಟಪಡಲ್ಲ.

ಹಾಗಾದರೆ ನಮ್ಮ ದೇಶಕ್ಕೆ ಕಾರ್ಖಾನೆ ಬಂದರೆ ಜಾತಿ ಹೋಗುತ್ತಾ? ಯಂತ್ರಕ್ಕೆ ಜಾತಿ ಇಲ್ಲ ಅಂತ ಓದಿದವರು ಭಾಷಣ ಮಾಡ್ತಾರೆ. ಯಂತ್ರಕ್ಕೆ ಇಲ್ಲದಿರಬಹುದು, ಯಂತ್ರದ ಮುಂದೆ ಯಾರು ನಿಲ್ಲಬೇಕು ಅಂತ ಹೇಳೋನಿಗೆ ಇದೆಯಲ್ಲ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ಸಂಬಳ ಹೆಚ್ಚಿದ್ದ ನೇಯ್ಗೆ ಖಾತೆಗೆ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ. ಕಾರಣ, ಎಳೆ ಮುಗಿದಾಗ ಹೊಸ ನೂಲನ್ನು ಲಾಳಿಯ ಕಂಡಿಯಿಂದ ಬಾಯಿಯಲ್ಲಿ ಹೀರಿ ಎಳೀಬೇಕಿತ್ತು. ನಾವು ಬಾಯಿಟ್ಟ ಲಾಳಿಗೆ ಅವರು ಬಾಯಿಡಲಾರರು. ನಮ್ಮವರಿಗೆ ಸಂಬಳ ಕಡಿಮೆಯ ನೂಲುವ ಖಾತೆಯೇ ಗತಿ. 1928ರ ದೊಡ್ಡ ಮುಷ್ಕರದಲ್ಲಿ ಬಾಬಾಸಾಹೇಬರು ಇದನ್ನೇ ಎತ್ತಿ ಹಿಡಿದರು. ಕಾರ್ಮಿಕರೆಲ್ಲ ಒಂದೇ ಅಂತೀರಲ್ಲ, ಮೊದಲು ಈ ಬಾಗಿಲು ತೆಗೆಯಿರಿ ಅನ್ನೋ ಪ್ರಶ್ನೆಯನ್ನು ಮಾಲೀಕರ ಮುಂದೆ ಮಾತ್ರವಲ್ಲ, ಕೆಂಪು ಬಾವುಟದ ನಾಯಕರ ಮುಂದೆಯೂ ಇಟ್ಟರು.

ಅದು ಹಳೇ ಕಾಲ ಅನ್ನಬೇಡಿ. ಹರಿಯಾಣದ ಮಾನೇಸರಿನಲ್ಲಿ ಮಾರುತಿ ಕಾರು ಕಾರ್ಖಾನೆ. ಅದು ಸಾಹುಕಾರರ ಕಾರಿನದಲ್ಲ. ಅಲ್ಲಿ ನಿಮಿಷಕ್ಕೊಂದರಂತೆ ಕಾರು ಹೊರಬೀಳುತ್ತೆ. 56 ದಿನದ ದುಡಿಮೆಯ ಕಾರನ್ನೂ ನಿಮಿಷಕ್ಕೊಂದು ಬೀಳುವ ಕಾರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಮೊದಲನೆಯದರಲ್ಲಿ ಕೈಗೆ ಹೊತ್ತು ಇದೆ, ಹೊತ್ತಿದ್ದಲ್ಲಿ ಕೈಗೆ ಹೆಸರಿದೆ. ಎರಡನೆಯದರಲ್ಲಿ ಕೈ ಬರೀ ಯಂತ್ರದ ಬಾಲ. ಆ ಮಾನೇಸರಿನಲ್ಲಿ 2012ರ ಜುಲೈ 18ರಂದು ಗಲಭೆಯಾಗಿ ಒಬ್ಬ ಅಧಿಕಾರಿ ಬೆಂಕಿಯಲ್ಲಿ ಸತ್ತರು. ಆ ಸಾವನ್ನು ನಾವು ಸಮರ್ಥಿಸುವುದಿಲ್ಲ. ಆದರೆ ಅವತ್ತು ಬೆಳಗ್ಗೆ ಒಬ್ಬ ಸೂಪರ್‌ವೈಸರ್ ಒಬ್ಬ ದಲಿತ ಕಾರ್ಮಿಕನಿಗೆ ಜಾತಿ ಹಿಡಿದು ಬೈದದ್ದೇ ಕಿಡಿಯಾಯಿತು ಅನ್ನೋದು ಯೂನಿಯನ್ನಿನ ಹೇಳಿಕೆ. 2017ರ ಮಾರ್ಚಿನಲ್ಲಿ ತೀರ್ಪು ಬಂತು. 13 ಜನಕ್ಕೆ ಜೀವಾವಧಿ, ಅವರಲ್ಲಿ ಹೆಚ್ಚಿನವರು ಯೂನಿಯನ್ ಪದಾಧಿಕಾರಿಗಳು. 117 ಜನ ನಿರ್ದೋಷಿಗಳು ಅಂತ ಬಿಡುಗಡೆ. ಅಷ್ಟು ಹೊತ್ತಿಗೆ ಅವರಲ್ಲಿ ಬಹಳ ಜನ ಜೈಲಿನಲ್ಲಿ ವರ್ಷಗಟ್ಟಲೆ ಕಳೆದಾಗಿತ್ತು.

ನಮ್ಮ ಬಾಗಿಲಿಗೇ ಬರೋಣ. ಬೆಂಗಳೂರು ಮೈಸೂರು ರಸ್ತೆಯ ಬಿಡದಿಯಲ್ಲಿ ಟೊಯೊಟಾ ಕಾರ್ಖಾನೆ ಇದೆ. 2020ರಿಂದ ಅಲ್ಲಿ ಲೆಕ್ಸಸ್ ಅನ್ನೋ ಶ್ರೀಮಂತರ ಕಾರನ್ನೂ ಜೋಡಿಸತೊಡಗಿದರು. ಅದೇ ವರ್ಷದ ನವೆಂಬರಿನಲ್ಲಿ ಮುಷ್ಕರ, ಬೀಗಮುದ್ರೆ. ಸಾಲಿನ ವೇಗ ಹೆಚ್ಚಿಸಿದರು, ಮೂತ್ರಕ್ಕೆ ಹೋಗಲೂ ಬಿಡುವಿಲ್ಲ ಅಂತ ಕಾರ್ಮಿಕರು ಹೇಳಿದರು. ಕಂಪನಿ ಅದನ್ನು ಅಶಿಸ್ತು ಅಂದಿತು. ಜಗಳ 2021ರವರೆಗೂ ಎಳೆಯಿತು. ಶ್ರೀಮಂತರ ಕಾರು ನಮ್ಮ ನೆಲಕ್ಕೆ ಬರುತ್ತೆ, ಗುಡ್‌ವುಡ್ಡಿನ ನಿಧಾನ ಅದರ ಜೊತೆ ಬರಲ್ಲ. ಕೈಗೆ ಸಿಗುವ ಹೊತ್ತು, ಹೊತ್ತಿನ ಜೊತೆ ಬರುವ ಮರ್ಯಾದೆ, ಇವು ಬಂದರಿನಲ್ಲೇ ಉಳಿದುಬಿಡ್ತವೆ.

ತೊಗಲಿಗೆ ವಾಪಸು ಬರೋಣ. 2016ರ ಜುಲೈನಲ್ಲಿ ಗುಜರಾತಿನ ಊನಾದಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ನಮ್ಮ ಹುಡುಗರನ್ನು ಹಿಡಿದು, ವಾಹನಕ್ಕೆ ಕಟ್ಟಿ, ಅಂಗಿ ಬಿಚ್ಚಿಸಿ, ಹಾಡುಹಗಲೇ ಬೀದಿಯಲ್ಲಿ ಕಬ್ಬಿಣದ ಸರಳು, ಕೋಲುಗಳಿಂದ ಬಡಿದರು. ಬಡಿದವರೇ ಅದನ್ನು ಫೋನಿನಲ್ಲಿ ಚಿತ್ರ ತೆಗೆದು ಹಂಚಿದರು. ಅದೇ ವರ್ಷ, ಅದೇ ದೇಶದ ದೊಡ್ಡ ಪಟ್ಟಣಗಳಲ್ಲಿ, ಹತ್ತು ಹೋರಿಗಳ ಚರ್ಮ ಹೊದ್ದ ಕಾರು ಮಾರಾಟಕ್ಕಿತ್ತು. ಹೊಸ ಕಾರಿಗೆ ಪೂಜೆ ಮಾಡಿ ಚಕ್ರದಡಿ ನಿಂಬೆಹಣ್ಣಿಡ್ತಾರೆ. ಹೋರಿಯ ಚರ್ಮದ ಮೇಲೆ ಕೂತು ದೇವಸ್ಥಾನಕ್ಕೆ ಹೋಗೋದು ಮೈಲಿಗೆಯಲ್ಲ. ಸತ್ತ ದನ ಎಳೆದು ಊರು ಶುಚಿ ಮಾಡಿದವನು ಆ ದೇವಸ್ಥಾನದ ಮೆಟ್ಟಿಲು ಹತ್ತಿದರೆ ಮೈಲಿಗೆ. ಹಾಗಾದರೆ ಮೈಲಿಗೆ ಇರೋದು ತೊಗಲಿನಲ್ಲೂ ಅಲ್ಲ, ಸಾವಿನಲ್ಲೂ ಅಲ್ಲ. ಕೊಳ್ಳೋ ಶಕ್ತಿ ಇಲ್ಲದ ದುಡಿಯೋ ಕೈಯ ಮೇಲೆ ಅದನ್ನು ಹೊರಿಸಿದ್ದಾರೆ. ಊನಾದ ನಂತರ ಗುಜರಾತಿನ ನಮ್ಮ ಜನ ಸತ್ತ ದನ ಎತ್ತಲ್ಲ ಅಂತ ಪ್ರತಿಜ್ಞೆ ಮಾಡಿದರು. ಕೊಳೆತ ದನ ಬೀದಿಯಲ್ಲಿ ಬಿದ್ದಾಗ ಊರಿಗೆ ಆ ಕೆಲಸದ ಬೆಲೆ ಗೊತ್ತಾಯಿತು.

ರೋಲ್ಸ್ ರಾಯ್ಸ್ ವಿಷಯದಲ್ಲಿ ನಮ್ಮ ದೇಶದಲ್ಲಿ ಒಂದು ಕಥೆ ಓಡಾಡುತ್ತೆ. ಈಗ ಫೋನಿನಿಂದ ಫೋನಿಗೆ ಹರಿಯುತ್ತೆ. ಲಂಡನ್ನಿನ ಅಂಗಡಿಯಲ್ಲಿ ಅವಮಾನವಾದ ಒಬ್ಬ ಮಹಾರಾಜ ಸಿಟ್ಟಿಗೆದ್ದು, ಒಂದಷ್ಟು ರೋಲ್ಸ್ ರಾಯ್ಸ್ ಕೊಂಡು ತಂದು ಕಸ ಹೊರಲು ಹಚ್ಚಿದನಂತೆ, ಕಂಪನಿ ಕೈಮುಗಿದು ಕ್ಷಮೆ ಕೇಳಿತಂತೆ. ಇದಕ್ಕೆ ದಾಖಲೆಯಿಲ್ಲ. ಮಹಾರಾಜರು ಆ ಕಾರುಗಳನ್ನು ಕೊಂಡದ್ದು ನಿಜ, ಮೈಸೂರು ಅರಮನೆಗೂ ಅವು ಬಂದವು. ಆ ದುಡ್ಡು ಯಾರ ಬೆವರಿನ ಕಂದಾಯ ಅಂತ ಕೇಳೋರಿಲ್ಲ. ಕಸದ ಕಥೆಗೆ ಮಾತ್ರ ಎಲ್ಲರೂ ಚಪ್ಪಾಳೆ ತಟ್ತಾರೆ. ಒಂದು ನಿಮಿಷ ಯೋಚನೆ ಮಾಡಿ. ಕಾರಿನ ಮಾನ ಕಳೆಯಲು ಏನು ಮಾಡಬೇಕು? ಕಸ ಹೊರಿಸಬೇಕು. ಕಸ ಮುಟ್ಟಿದರೆ ಲೋಹಕ್ಕೂ ಮಾನ ಹೋಗುತ್ತೆ ಅನ್ನೋ ನಂಬಿಕೆ ಇರೋದರಿಂದಲೇ ಆ ಕಥೆಗೆ ನಗು ಬರೋದು. ದಿನಾ ಬೆಳಗಾಗೆದ್ದು ಆ ಕಸ ಎತ್ತುವ ಪೌರಕಾರ್ಮಿಕರು ಆ ಕಥೆಯಲ್ಲಿ ಎಲ್ಲಿದ್ದಾರೆ? ರಾಜನ ಸ್ವಾಭಿಮಾನದ ಕಥೆ ಅಂತ ನಮ್ಮ ಹುಡುಗರೂ ಅದನ್ನು ಮುಂದಕ್ಕೆ ಕಳಿಸ್ತಾರೆ. ಕಳಿಸೋ ಮುಂಚೆ ಅದು ಯಾರನ್ನು ಅವಮಾನಿಸುತ್ತೆ ಅಂತ ನೋಡಿಕೊಳ್ಳಲಿ.

2025ರ ಜುಲೈ 24ರಂದು ಭಾರತವೂ ಬ್ರಿಟನ್ನೂ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಅಲ್ಲಿಂದ ಬರುವ ಕಾರುಗಳಿಗೆ ನೂರಕ್ಕೆ ನೂರಕ್ಕೂ ಮೇಲಿದ್ದ ಸುಂಕವನ್ನು, ಒಂದು ಸಂಖ್ಯೆಯ ಮಿತಿಯೊಳಗೆ, ಹಂತಹಂತವಾಗಿ ನೂರಕ್ಕೆ 10ಕ್ಕೆ ಇಳಿಸೋದು ಅದರ ಒಂದು ಭಾಗ. ಸಾಹುಕಾರನ ಕಾರು ಅಗ್ಗವಾಗುವ ದಾರಿಯನ್ನು ಸರ್ಕಾರಗಳು ಎಷ್ಟು ಮುತುವರ್ಜಿಯಿಂದ ಹುಡುಕ್ತವೆ! ಇನ್ನೊಂದು ಕಡೆ ನೋಡಿ. ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ ಎರಡನೇ ಕಾನೂನು ಬಂದದ್ದು 2013ರಲ್ಲಿ. ಅದಾದ ಮೇಲೂ 2019ರಿಂದ 2023ರವರೆಗೆ ಚರಂಡಿ, ಮಲದ ಗುಂಡಿಗಿಳಿದು 377 ಜನ ಸತ್ತರು ಅಂತ ಕೇಂದ್ರ ಸರ್ಕಾರವೇ ಸಂಸತ್ತಿಗೆ ಹೇಳಿದೆ. ಒಂದು ಹನಿ ಮಳೆನೀರು ಒಳಗೆ ಬಾರದ ಹಾಗೆ ಕಾರು ಕಟ್ಟಬಲ್ಲ ವಿದ್ಯೆ ಮನುಷ್ಯಕುಲಕ್ಕೆ ಇದೆ. ಮನುಷ್ಯನನ್ನು ಗುಂಡಿಗಿಳಿಸದೆ ಗುಂಡಿ ಬಳಿಯುವ ಯಂತ್ರವೂ ಇದೆ. ಕೊಳ್ಳುವ ಮನಸ್ಸಿಲ್ಲ. ಅಗ್ಗಕ್ಕೆ ಸಿಗುವ ಮೈ ಇರುವಾಗ ಯಂತ್ರ ಯಾಕೆ ಅನ್ನೋದು ಲೆಕ್ಕ.

ಆದ್ದರಿಂದ ಈ ಪತ್ರಿಕೆಯ ಮಾತು ಇದು. ಕುಲಕಸುಬಿಗೆ ಗೌರವ ಅಂತ ಹೇಳಿ ನಮ್ಮನ್ನು ಮತ್ತೆ ತೊಗಲಿನ ತೊಟ್ಟಿಗೇ ಕಟ್ಟಿಹಾಕುವ ಮಾತನ್ನು ನಂಬಬೇಡಿ. ಗೌರವ ಅಂದರೆ ಬಿಟ್ಟು ಹೋಗುವ ಸ್ವಾತಂತ್ರ್ಯ, ಇಷ್ಟಪಟ್ಟು ಉಳಿದರೆ ಪೂರ್ತಿ ಕೂಲಿ. ಚರ್ಮದ ಕೆಲಸಗಾರರಿಗಾಗಿ ಈ ರಾಜ್ಯದಲ್ಲಿ 1976ರಿಂದ ಲಿಡ್ಕರ್ ನಿಗಮ ಇದೆ. ಅದು ಬೀದಿಬದಿಯ ಪೆಟ್ಟಿಗೆ ಅಂಗಡಿಗೆ ನಿಲ್ಲಬಾರದು. ಉಳಿ, ರಂಪಿಗೆ ಹಿಡಿದ ಕೈಗೆ ತಾಂತ್ರಿಕ ವಿದ್ಯೆಯ ಪ್ರಮಾಣಪತ್ರ ಬೇಕು. ಕಾರಿನ ಸೀಟು ಹೊಲಿಯುವ ಕಾರ್ಖಾನೆಯಲ್ಲಿ ಆ ಪತ್ರಕ್ಕೆ ಕಾಯಂ ನೌಕರಿ ಬೇಕು. ಕಾರ್ಖಾನೆಗೆ ನೆಲ, ನೀರು, ರಸ್ತೆ, ವಿದ್ಯುತ್ತು ಕೊಡೋದು ಸರ್ಕಾರ, ಅಂದರೆ ನಾವು. ನೌಕರಿ ಕೇಳಿದಾಗ ಮಾತ್ರ ಖಾಸಗಿ ಅಂತಾರೆ. ಖಾಸಗಿ ಕಾರ್ಖಾನೆಯಲ್ಲೂ ಮೀಸಲಾತಿ ಬೇಕು ಅನ್ನೋದನ್ನು ಪ್ರತಿ ಸಭೆಯಲ್ಲೂ ಹೇಳಬೇಕು. ಒಳಗಿರುವ ನಮ್ಮ ಹುಡುಗರು, ಹುಡುಗಿಯರು ಯೂನಿಯನ್ನಿಗೆ ಸೇರಬೇಕು. ಸೇರಿ, ಮುಂಬಯಿಯ ನೇಯ್ಗೆ ಖಾತೆಯ ಪ್ರಶ್ನೆಯನ್ನು ಅಲ್ಲಿ ಮತ್ತೆ ಕೇಳಬೇಕು. ಯಾವ ಖಾತೆಯಲ್ಲಿ ಯಾರಿದ್ದಾರೆ? ಕಾಯಂ ಯಾರು, ಗುತ್ತಿಗೆ ಯಾರು? ಕಕ್ಕಸು ಬಳಿಯುವ ಗುತ್ತಿಗೆ ಯಾರ ಕೈಯಲ್ಲಿದೆ? ಸೂಪರ್‌ವೈಸರ್ ಕುರ್ಚಿ ಯಾರ ಕೆಳಗಿದೆ? ಈ ಲೆಕ್ಕವನ್ನು ಕಂಪನಿ ಕೊಡಲ್ಲ, ನಾವೇ ಎಣಿಸಬೇಕು. ಎಣಿಸಿ ಈ ಪತ್ರಿಕೆಗೆ ಬರೆದು ಕಳಿಸಿ.

ಕಾರಿನ ಮೇಲೆ ನಮಗೆ ಆಸೆಯೂ ಇಲ್ಲ, ಹೊಟ್ಟೆಕಿಚ್ಚೂ ಇಲ್ಲ. ಆ ತೊಗಲನ್ನು ಸವರಿ ನೋಡಿದ ಅಂಗೈ ಮನುಷ್ಯನ ಅಂಗೈ, ನಮ್ಮ ಅಂಗೈಯೂ ಅಂಥದ್ದೇ ಅಂತ ಗೊತ್ತಾದರೆ ಸಾಕು. ಅದರ ಬೆಲೆಯನ್ನು ಬೇರೆಯವರು ಕಟ್ಟಿದ್ದು ಸಾಕು. ಇನ್ನು ಮುಂದೆ ನಾವೇ ಕಟ್ಟೋಣ.

ಜೈ ಭೀಮ್.